ಮೂವತ್ತು ಹುಣಸೆಬೀಜ: ಮುಂಬಯಿಯ ಒಂದು ಪ್ರಕರಣ

2020ರ ಜುಲೈ ಕೊನೆಯ ವಾರ, ರಾತ್ರಿ ಒಂಬತ್ತೂವರೆ. ಹೊರಗೆ ಮಾಟುಂಗದ ಮಳೆ. ಫೋನಿನಲ್ಲಿ ಅಣ್ಣಯ್ಯನ ಮಗ.

"ಮಾಮ, ಡಾಕ್ಟ್ರು ಚೀಟಿ ಕೊಟ್ಟಿದ್ರು. ಒಂದು ಇಂಜೆಕ್ಷನ್ ಹೊರಗಿಂದ ತರ್ಬೇಕಂಬ್ರು. ಮೂವತ್ತೆರಡು ಸಾವಿರ. ಎಂತ ಮಾಡುದು ಹೇಳಿ."

ಅಣ್ಣಯ್ಯ ಎಂದರೆ ಸಾಯನ್ ಕಡೆಯ ಒಂದು ಸಣ್ಣ ಹೋಟೆಲಿನ ಮ್ಯಾನೇಜರು. ಕುಂದಾಪುರದ ಹಳ್ಳಿಯಿಂದ ಹದಿನಾಲ್ಕನೇ ವಯಸ್ಸಿಗೆ ಬಂದವರು. ಹಗಲು ಟೇಬಲ್ ಒರೆಸಿ, ರಾತ್ರಿ ಕೋಟೆ ಭಾಗದ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ತಲೆಮಾರು. ಈಗ ವಯಸ್ಸು 57, ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕೋವಿಡ್ ಜ್ವರ ಬಂದು ಎಂಟನೇ ದಿನಕ್ಕೆ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಶೇಕಡಾ 91ಕ್ಕೆ ಇಳಿದು ಆಸ್ಪತ್ರೆ ಸೇರಿದ್ದರು. ಮಾಸ್ಕಿನಲ್ಲಿ ನಿಮಿಷಕ್ಕೆ 4 ಲೀಟರ್ ಆಮ್ಲಜನಕ ಹೋಗುತ್ತಿತ್ತು. ಸಿಟಿ ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶದಲ್ಲಿ ಬಿಳಿ ತೇಪೆಗಳು, ರಕ್ತದಲ್ಲಿ ಉರಿಯೂತದ ಗುರುತುಗಳೆಲ್ಲ ಮೇಲಕ್ಕೆ.

ನಾನು ವೈದ್ಯನಲ್ಲ. ಮುಂಬಯಿಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವನು. ನಿವೃತ್ತಿಯ ನಂತರ ಒಂದು ಆಸ್ಪತ್ರೆಯ ನೀತಿ ಸಮಿತಿಯಲ್ಲಿ ಸಾಮಾನ್ಯ ನಾಗರಿಕ ಸದಸ್ಯನಾಗಿ ಕೂತಿದ್ದೇನೆ. ಮನುಷ್ಯರ ಮೇಲೆ ಔಷಧ ಪರೀಕ್ಷಿಸುವ ಯಾವ ಯೋಜನೆಯೂ ಇಂಥ ಸಮಿತಿಯ ಮುಂದೆ ಬರಬೇಕು, ಅದರಲ್ಲಿ ವೈದ್ಯರ ಜೊತೆ ವಕೀಲರು, ನಮ್ಮಂಥ ಹೊರಗಿನವರು ಇರಬೇಕು ಎಂಬುದು ನಿಯಮ. ಆ ಕಾರಣಕ್ಕೇ ಹುಡುಗ ನನಗೆ ಫೋನು ಮಾಡಿದ್ದು. ಈ ಪ್ರಕರಣವನ್ನು ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ, ಆಸ್ಪತ್ರೆಯ ಹೆಸರು ಬಿಟ್ಟಿದ್ದೇನೆ.

ಚೀಟಿಯ ಫೋಟೋ ವಾಟ್ಸಾಪಿಗೆ ಬಂತು. ಇಟೋಲಿಜುಮಾಬ್.

ಹೆಸರು ನನಗೆ ಗೊತ್ತಿತ್ತು, ಹದಿನೈದು ದಿನದ ಹಿಂದಷ್ಟೇ ಪತ್ರಿಕೆಗಳಲ್ಲಿ ಬಂದಿತ್ತು. ಇದು ಕೋವಿಡ್‌ಗೆಂದು ಹುಟ್ಟಿದ ಔಷಧವಲ್ಲ. ಚರ್ಮದ ಮೇಲೆ ಹೊಟ್ಟಿನಂಥ ಪದರ ಏಳುವ ಸೋರಿಯಾಸಿಸ್ ಕಾಯಿಲೆಗೆ ಬೆಂಗಳೂರಿನ ಬಯೋಕಾನ್ 2013ರಲ್ಲಿ ಮಾರುಕಟ್ಟೆಗೆ ತಂದದ್ದು. ನಮ್ಮ ರಕ್ಷಣಾ ವ್ಯವಸ್ಥೆಯ ಟಿ ಜೀವಕೋಶಗಳ ಮೈಮೇಲಿರುವ ಸಿಡಿ6 ಎಂಬ ಗುಬುಟಿಗೆ ಅಂಟಿಕೊಂಡು ಅವುಗಳ ಆರ್ಭಟವನ್ನು ಇಳಿಸುವ ಪ್ರತಿಕಾಯ. ಕೋವಿಡ್‌ನ ಎರಡನೇ ವಾರದಲ್ಲಿ ರೋಗಿಯನ್ನು ಕೆಡಿಸುವುದು ಬಹಳ ಸಲ ವೈರಸ್ಸಿಗಿಂತ ಹೆಚ್ಚಾಗಿ ಅದರ ವಿರುದ್ಧ ದೇಹವೇ ಹೊತ್ತಿಸಿಕೊಂಡ ಉರಿಯೂತ. ಹಾಗಾದರೆ ಉರಿಯೂತ ತಗ್ಗಿಸುವ ಹಳೆಯ ಔಷಧಗಳನ್ನು ಇಲ್ಲಿಗೆ ಯಾಕೆ ತರಬಾರದು? ಯೋಚನೆ ಸರಿಯಾದದ್ದೇ. ಜಗತ್ತಿನಾದ್ಯಂತ ಅದೇ ಯೋಚನೆಯಲ್ಲಿ ಸಂಧಿವಾತದ ಔಷಧ, ಗೌಟ್ ಎಂಬ ಕೀಲುನೋವಿನ ಔಷಧ, ಅಸ್ತಮಾದ ಸ್ಟೆರಾಯ್ಡ್ ಎಲ್ಲವನ್ನೂ ಕಪಾಟಿನಿಂದ ಹೊರಗೆ ತೆಗೆದಿದ್ದರು.

ಇಟೋಲಿಜುಮಾಬ್‌ಗೆ ಜುಲೈ ಎರಡನೇ ವಾರದಲ್ಲಿ ಕೇಂದ್ರದ ಔಷಧ ನಿಯಂತ್ರಕರು ತುರ್ತು ಬಳಕೆಯ ಅನುಮತಿ ಕೊಟ್ಟಿದ್ದರು. ಆಸ್ಪತ್ರೆಯಲ್ಲಿ ಮಾತ್ರ ಕೊಡಬೇಕು, ಪ್ರತಿ ರೋಗಿಯಿಂದ ಲಿಖಿತ ಒಪ್ಪಿಗೆ ಪಡೆಯಬೇಕು ಎಂಬ ಷರತ್ತುಗಳಿದ್ದವು. 25 ಮಿಲಿಗ್ರಾಮಿನ ಒಂದು ವಯಲ್‌ಗೆ 7,950 ರೂಪಾಯಿ, ಸಾಮಾನ್ಯವಾಗಿ ನಾಲ್ಕು ಬೇಕು. ಹುಡುಗ ಹೇಳಿದ ಮೂವತ್ತೆರಡು ಸಾವಿರ ಅಲ್ಲಿಂದ ಬಂದದ್ದು. ಅನುಮತಿಗೆ ಆಧಾರವಾದದ್ದು ಮುಂಬಯಿ ಮತ್ತು ದೆಹಲಿಯ ಆಸ್ಪತ್ರೆಗಳಲ್ಲಿ ನಡೆದ ಒಂದು ಪರೀಕ್ಷೆ. ರೋಗಿಗಳು 30. ಇಪ್ಪತ್ತು ಜನರಿಗೆ ಔಷಧ ಮತ್ತು ಮಾಮೂಲಿ ಚಿಕಿತ್ಸೆ, ಹತ್ತು ಜನರಿಗೆ ಬರೀ ಮಾಮೂಲಿ ಚಿಕಿತ್ಸೆ. ಯಾರು ಯಾವ ಕಡೆ ಎಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಟ್ಟಿದ್ದರು. ಔಷಧ ಸಿಕ್ಕವರಲ್ಲಿ ಒಬ್ಬರೂ ಸಾಯಲಿಲ್ಲ. ಸಿಗದ ಹತ್ತರಲ್ಲಿ ಮೂವರು ಸತ್ತರು.

ಇದನ್ನು ಓದಿದ ಯಾವ ಮಗನಾದರೂ ಮೂವತ್ತೆರಡು ಸಾವಿರ ಹೊಂದಿಸಲು ಓಡುತ್ತಾನೆ. ಸೊನ್ನೆ ಮತ್ತು ಮೂರರ ನಡುವೆ ಯೋಚಿಸುವುದಕ್ಕೆ ಏನಿದೆ?

ಯೋಚಿಸುವುದಕ್ಕೆ ಇತ್ತು. ಆದರೆ ಅದನ್ನು ಫೋನಿನಲ್ಲಿ ಲೆಕ್ಕದ ಭಾಷೆಯಲ್ಲಿ ಹೇಳಿದರೆ ಆ ಹೊತ್ತಿನಲ್ಲಿ ಅವನ ತಲೆಗೆ ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಚೌಕಾಬಾರಾ ಆಡಲು ಇಟ್ಟ ಹುಣಸೆಬೀಜದ ಡಬ್ಬಿ ಇದೆ. ಹೆಂಡತಿಯನ್ನು ಕರೆದೆ. ಮೂವತ್ತು ಬೀಜ ಎಣಿಸಿ, ಅದರಲ್ಲಿ ಮೂರನ್ನು ಮಾತ್ರ ಒಂದು ಮಗ್ಗುಲು ಬೆಳ್ಳಗಾಗುವ ಹಾಗೆ ಕಲ್ಲಿಗೆ ತೇಯ್ದಳು. ವಿಡಿಯೋ ಕಾಲ್ ಹಚ್ಚಿ ಹುಡುಗನಿಗೆ ತೋರಿಸಿದೆ.

"ನೋಡು, ಇವು ಮೂವತ್ತು ರೋಗಿಗಳು. ಬಿಳಿಯ ಮೂರು, ಏನೇ ಕೊಟ್ಟರೂ ಸಾಯುವವರು ಅಂದುಕೊ. ಔಷಧಕ್ಕೆ ಯಾವ ಗುಣವೂ ಇಲ್ಲ, ಬರೀ ನೀರು ಅಂದುಕೊ. ಈಗ ಪಾತ್ರೆಯಲ್ಲಿ ಕಲಸಿ, ಕಣ್ಣುಮುಚ್ಚಿ ಹತ್ತು ಬೀಜ ತೆಗೀತೀವಿ. ಆ ಹತ್ತು ಔಷಧ ಸಿಗದವರು."

ಕಲಸುವುದು, ತೆಗೆಯುವುದು, ನೋಡುವುದು. ಮೊದಲ ಸಲ ಹತ್ತರಲ್ಲಿ ಒಂದು ಬಿಳಿ. ಆಮೇಲೆ ಎರಡು. ಆಮೇಲೆ ಒಂದೂ ಇಲ್ಲ. ಹೀಗೇ ನಡೆದು ಹತ್ತೊಂಬತ್ತನೇ ಸಲಕ್ಕೆ ಮೂರೂ ಬಿಳಿ ಬೀಜ ಹೆಂಡತಿಯ ಅಂಗೈಯಲ್ಲೇ ಬಂದವು. ಪಾತ್ರೆಯಲ್ಲಿ ಉಳಿದ ಇಪ್ಪತ್ತರಲ್ಲಿ ಬಿಳಿ ಒಂದೂ ಇಲ್ಲ. ಫೋನಿನ ಆ ಕಡೆ ಹುಡುಗ ಏನೂ ಮಾತಾಡಲಿಲ್ಲ.

ಲೆಕ್ಕ ಕಷ್ಟದ್ದಲ್ಲ. ಮೊದಲ ಬಿಳಿ ಬೀಜ ಆ ಹತ್ತರೊಳಗೆ ಬೀಳುವ ಸಾಧ್ಯತೆ 30ರಲ್ಲಿ 10, ಎರಡನೆಯದು 29ರಲ್ಲಿ 9, ಮೂರನೆಯದು 28ರಲ್ಲಿ 8. ಮೂರನ್ನೂ ಗುಣಿಸಿದರೆ ಸುಮಾರು 34ಕ್ಕೆ 1. ಅಂದರೆ ಶೇಕಡಾ 3ರ ಹತ್ತಿರ. ನೂರಕ್ಕೆ ಐದರ ಒಳಗೆ ಬಂದರೆ 'ಆಕಸ್ಮಿಕವಲ್ಲ' ಎಂದು ಒಪ್ಪುವ ರೂಢಿ ನಮ್ಮ ಶಾಸ್ತ್ರದಲ್ಲಿದೆ, ಆ ಗೆರೆಯನ್ನು ಈ ಪರೀಕ್ಷೆ ದಾಟಿತ್ತು. ದಾಟಿದ್ದು ಎಷ್ಟು ತೆಳುವಾಗಿ ಎಂಬುದು ಗೊತ್ತಾಗಬೇಕಾದರೆ ಔಷಧ ಸಿಕ್ಕವರಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಸತ್ತಿದ್ದರೆ ಎಂದು ಲೆಕ್ಕ ಹಾಕಿ ನೋಡಿ. ನಾಲ್ಕು ಸಾವಿನಲ್ಲಿ ಮೂರೋ ನಾಲ್ಕೋ ಆ ಹತ್ತರ ಗುಂಪಿಗೇ ಆಕಸ್ಮಿಕವಾಗಿ ಬೀಳುವ ಸಾಧ್ಯತೆ ಆಗ ಹತ್ತಕ್ಕೆ ಒಂದರ ಆಸುಪಾಸು. ಒಬ್ಬ ಮನುಷ್ಯನ ಮೇಲೆ ಇಡೀ ತೀರ್ಮಾನ ನಿಂತಿತ್ತು. ಮೇಲಾಗಿ ಯಾರಿಗೆ ಔಷಧ ಹೋಗಿದೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿದ್ದ ಪರೀಕ್ಷೆ ಅದು. ರಾಷ್ಟ್ರೀಯ ಕೋವಿಡ್ ಕಾರ್ಯಪಡೆ ಈ ಔಷಧವನ್ನು ತನ್ನ ಚಿಕಿತ್ಸಾ ಮಾರ್ಗಸೂಚಿಗೆ ಸೇರಿಸಿಕೊಳ್ಳಲಿಲ್ಲ.

ಔಷಧ ಕೆಟ್ಟದ್ದು ಎಂದು ನಾನು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಮೂವತ್ತು ಜನರಿಂದ ಅದು ಒಳ್ಳೆಯದೋ ಅಲ್ಲವೋ ತಿಳಿಯದು ಎಂದಷ್ಟೇ ಹೇಳಿದೆ. ಆ ಮೂವತ್ತು ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದ್ದು ದೊಡ್ಡ ಕೆಲಸವೇ. ಅದರ ಮುಂದಿನ ಹೆಜ್ಜೆಯಾಗಿ ಮೂರು ಸಾವಿರ ಜನರನ್ನು ಹಾಗೆ ಮಾಡಬೇಕಿತ್ತು.

ಸ್ಟೆರಾಯ್ಡ್ ಶುರುವಾಗಿದೆಯಾ ಎಂದು ಕೇಳಿದೆ. ಗೊತ್ತಿಲ್ಲ ಎಂದ. ನನಗೆ ಮುಖ್ಯವಾದದ್ದು ಅದೇ ಪ್ರಶ್ನೆ. ಯಾಕೆಂದರೆ ಆರು ವಾರದ ಹಿಂದೆ, ಜೂನ್ 16ರಂದು, ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡಿನ ಬಗ್ಗೆ ಬ್ರಿಟನ್ನಿನ ರಿಕವರಿ ಪರೀಕ್ಷೆಯ ಫಲಿತಾಂಶ ಹೊರಬಿದ್ದಿತ್ತು. ಆಕ್ಸ್‌ಫರ್ಡಿನ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ ನಡೆಸಿದ ಪರೀಕ್ಷೆ. ಮಾರ್ಚ್ 19ಕ್ಕೆ ಮೊದಲ ರೋಗಿ ಸೇರಿ ಮೂರು ತಿಂಗಳಲ್ಲಿ ಉತ್ತರ ಕೈಗೆ ಬಂದಿತ್ತು. ಒಪ್ಪಿಗೆ ಪತ್ರ ಚಿಕ್ಕದು, ತುಂಬಬೇಕಾದ ಮಾಹಿತಿ ಕಡಿಮೆ, ಯಾರು ಯಾವ ಗುಂಪು ಎಂಬುದನ್ನು ಕಂಪ್ಯೂಟರ್ ಆರಿಸುತ್ತದೆ. ಮುಖ್ಯವಾಗಿ ಕೇಳಿದ್ದು ಒಂದೇ: 28ನೇ ದಿನ ಮನುಷ್ಯ ಬದುಕಿದ್ದಾನೋ ಇಲ್ಲವೋ. ಎಷ್ಟೇ ದಣಿದ ವಾರ್ಡಿನ ವೈದ್ಯನೂ ಮಾಡಬಹುದಾದಷ್ಟು ಸರಳವಾಗಿ ಅದನ್ನು ಕಟ್ಟಿದ್ದರು. ಆ ಸರಳತೆ ಸಾವಿರಾರು ಜೀವ ಉಳಿಸಿತು ಎಂದು ನಾನು ನಂಬುತ್ತೇನೆ.

ಡೆಕ್ಸಾಮೆಥಸೋನ್ ಅರುವತ್ತು ವರ್ಷದ ಹಳೆಯ ಔಷಧ. ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವುದು, ಒಂದು ದಿನದ ಖರ್ಚು ಅಣ್ಣಯ್ಯನ ಹೋಟೆಲಿನ ಒಂದು ಪ್ಲೇಟ್ ಇಡ್ಲಿಗಿಂತ ಕಡಿಮೆ. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ಕೊಟ್ಟದ್ದು 2,104 ಜನರಿಗೆ, ಕೊಡದೆ ನೋಡಿದ್ದು 4,321 ಜನರನ್ನು. ವೆಂಟಿಲೇಟರಿನಲ್ಲಿದ್ದವರಲ್ಲಿ ಸಾವು ಶೇಕಡಾ 41.4ರಿಂದ 29.3ಕ್ಕೆ ಇಳಿಯಿತು. ಬರೀ ಆಮ್ಲಜನಕದ ಮೇಲಿದ್ದವರಲ್ಲಿ 26.2ರಿಂದ 23.3ಕ್ಕೆ. ಆಮ್ಲಜನಕವೇ ಬೇಡದಿದ್ದವರಲ್ಲಿ ಪ್ರಯೋಜನ ಕಾಣಲಿಲ್ಲ, ಸಾವು 14.0 ಇದ್ದದ್ದು ಔಷಧ ಕೊಟ್ಟ ಕಡೆ 17.8 ಇತ್ತು. ಜೂನ್ 27ಕ್ಕೆ ನಮ್ಮ ಆರೋಗ್ಯ ಸಚಿವಾಲಯವೂ ಡೆಕ್ಸಾಮೆಥಸೋನನ್ನು ಮಾರ್ಗಸೂಚಿಗೆ ಸೇರಿಸಿತು.

26.2 ಮತ್ತು 23.3. ಈ ಎರಡು ಅಂಕಿಗಳ ಮುಂದೆ ಸ್ವಲ್ಪ ನಿಲ್ಲಬೇಕು. ಆಮ್ಲಜನಕದ ಮೇಲಿರುವ ನೂರು ಜನರಲ್ಲಿ ಇಪ್ಪತ್ತಾರು ಸಾಯುವ ಕಡೆ ಇಪ್ಪತ್ಮೂರು ಸಾಯುತ್ತಾರೆ. ಮೂರು ಮನೆಗಳಲ್ಲಿ ದೀಪ ಆರುವುದಿಲ್ಲ. ಆದರೆ ವಾರ್ಡಿನಲ್ಲಿ ಹಗಲೂ ರಾತ್ರಿ ದುಡಿಯುವ, ಎಷ್ಟೇ ಅನುಭವಿಯಾದ ವೈದ್ಯರ ಕಣ್ಣಿಗೂ ಈ ವ್ಯತ್ಯಾಸ ಎಂದೂ ಬೀಳುವುದಿಲ್ಲ. ಒಂದು ತಿಂಗಳು ಇಪ್ಪತ್ತಾರು, ಇನ್ನೊಂದು ತಿಂಗಳು ಇಪ್ಪತ್ಮೂರು, ಅದು ಏರಿಳಿತ ಅಂದುಕೊಳ್ಳುತ್ತಾರೆ. "ನಾನು ಐವತ್ತು ಜನರಿಗೆ ಕೊಟ್ಟಿದ್ದೇನೆ, ಚೆನ್ನಾಗಿ ಕೆಲಸ ಮಾಡುತ್ತದೆ" ಎಂದು ಆ ದಿನಗಳಲ್ಲಿ ಟಿವಿಯಲ್ಲಿ ಕೇಳಿಬರುತ್ತಿದ್ದ ಮಾತು ಪ್ರಾಮಾಣಿಕವಾಗಿಯೇ ಹೇಳಿದ್ದಿರಬಹುದು. ಆದರೆ ಐವತ್ತು ಜನರಲ್ಲಿ ಕಾಣುವಂಥದ್ದಲ್ಲ ಇದು.

ನಮ್ಮಲ್ಲಿ "ಕೊಟ್ಟು ನೋಡೋಣ" ಎನ್ನುತ್ತೇವೆ. ಆ ವರ್ಷ ಮುಂಬಯಿಯ ಆಸ್ಪತ್ರೆಗಳಲ್ಲಿ ಕೊಡುವುದು ಧಾರಾಳವಾಗಿ ಆಯಿತು. ನೋಡುವುದು ಆಗಲಿಲ್ಲ. ನೋಡಬೇಕಾದರೆ ಕೊಡದವರನ್ನೂ ಅಷ್ಟೇ ಶ್ರದ್ಧೆಯಿಂದ ನೋಡಬೇಕು, ಯಾರಿಗೆ ಕೊಡಬೇಕು ಎಂಬುದನ್ನು ನಮ್ಮ ಮನಸ್ಸಿನಿಂದ ಕಿತ್ತು ಚೀಟಿಗೆ ಒಪ್ಪಿಸಬೇಕು. ಅಣ್ಣಯ್ಯನ ಮಗನ ಮುಂದೆ ಇಟ್ಟಿದ್ದ ಒಪ್ಪಿಗೆ ಪತ್ರ ಪರೀಕ್ಷೆಯದ್ದಾಗಿದ್ದರೆ, "ನಿಮ್ಮ ತಂದೆಗೆ ಈ ಔಷಧ ಸಿಗಬಹುದು, ಸಿಗದೆಯೂ ಇರಬಹುದು, ಹೇಗೇ ಆದರೂ ಅವರಿಂದ ಒಂದು ತಿಳಿವಳಿಕೆ ಉಳಿಯುತ್ತದೆ" ಎಂದು ಅದರಲ್ಲಿ ಬರೆದಿದ್ದರೆ, ಸಹಿ ಹಾಕು ಎಂದು ನಾನು ಅರೆಗಳಿಗೆಯಲ್ಲಿ ಹೇಳುತ್ತಿದ್ದೆ. ಆ ಪತ್ರದಲ್ಲಿ ಇದ್ದದ್ದು, ಅಪಾಯಗಳನ್ನು ತಿಳಿದು ಹಣ ಕೊಟ್ಟು ತರುತ್ತೇನೆ ಎಂಬ ಒಪ್ಪಿಗೆ ಮಾತ್ರ. ಅಣ್ಣಯ್ಯ ಬದುಕಿದರೂ ಸತ್ತರೂ ಮುಂದಿನ ಹಾಸಿಗೆಯವನಿಗೆ ಅದರಿಂದ ಒಂದಕ್ಷರ ತಿಳಿಯುವಂತಿರಲಿಲ್ಲ.

ಡಾಕ್ಟರ ಹತ್ತಿರ ಕೇಳಬೇಕಾದ್ದನ್ನು ಬರೆಸಿದೆ. ಡೆಕ್ಸಾಮೆಥಸೋನ್ ಅಥವಾ ಬೇರೆ ಸ್ಟೆರಾಯ್ಡ್ ಯಾವತ್ತಿನಿಂದ ಶುರು, ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಕೊಡುತ್ತಿದ್ದಾರಾ, ಸಕ್ಕರೆ ದಿನಕ್ಕೆ ಎಷ್ಟು ಸಲ ನೋಡುತ್ತಾರೆ. ಸ್ಟೆರಾಯ್ಡ್ ಸಕ್ಕರೆಯನ್ನು ಎತ್ತಿ ಒಗೆಯುತ್ತದೆ. ಅದನ್ನು ಹಿಡಿತದಲ್ಲಿ ಇಡದಿದ್ದರೆ ಏನಾಗುತ್ತದೆ ಎಂಬುದನ್ನು ಮರುವರ್ಷ ಮಹಾರಾಷ್ಟ್ರ ಕಪ್ಪು ಶಿಲೀಂಧ್ರದ ರೂಪದಲ್ಲಿ ಕಂಡಿತು. ಕೊನೆಯದಾಗಿ: ಈ ಇಂಜೆಕ್ಷನ್ ಕೊಡದಿದ್ದರೆ ಏನಾಗುತ್ತದೆ?

ಮರುದಿನ ಬೆಳಿಗ್ಗೆ ಹುಡುಗ ಕೇಳಿದ. ಸ್ಟೆರಾಯ್ಡ್, ಹೆಪಾರಿನ್ ಎರಡೂ ಮೊದಲ ದಿನದಿಂದಲೇ ನಡೆಯುತ್ತಿದ್ದವು. ಕೊನೆಯ ಪ್ರಶ್ನೆಗೆ ಆ ಯುವ ವೈದ್ಯರು ಪಿಪಿಇ ಕಿಟ್ಟಿನೊಳಗಿಂದ, ಹಿಂದಿಯಲ್ಲಿ, ನಿಜ ಹೇಳಬೇಕೆಂದರೆ ನನಗೆ ಗೊತ್ತಿಲ್ಲ ಎಂದರಂತೆ. ಆ ಮನುಷ್ಯನ ಮೇಲೆ ನನಗೆ ಇಂದಿಗೂ ಗೌರವ. ನೀತಿ ಸಮಿತಿಯಲ್ಲಿ ನಾವು ಪುಟಗಟ್ಟಲೆ ಕಾಗದದಲ್ಲಿ ಹುಡುಕುವುದು ಆ ಒಂದು ಮಾತನ್ನೇ. ಗೊತ್ತಿಲ್ಲ ಎಂದು ಒಪ್ಪಿಕೊಂಡ ಕಡೆಯಲ್ಲೇ ಪರೀಕ್ಷೆಗೆ ನ್ಯಾಯವಾದ ಜಾಗ ಇರುವುದು.

ಮನೆಯವರು ಕೂತು ಮಾತಾಡಿ ಇಂಜೆಕ್ಷನ್ ಬೇಡ ಎಂದರು. ಅದೇ ಸಂಜೆ ಅಣ್ಣಯ್ಯನಿಗೆ ಆಮ್ಲಜನಕ 6 ಲೀಟರಿಗೆ ಏರಿತು. ಮಾರನೆಯ ದಿನ 10.

ಆ ಎರಡು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಹುಡುಗ ಫೋನು ಮಾಡುವುದು ನಿಲ್ಲಿಸಿದ್ದ. ನಾನು ಮಾಡಿದರೆ "ಹಾಂ ಮಾಮ, ಹಾಗೇ ಉಂಟು" ಎಂದು ಇಡುತ್ತಿದ್ದ. ಅವನ ದನಿಯಲ್ಲಿ ದೂರು ಇರಲಿಲ್ಲ, ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಲೆಕ್ಕ ಸರಿ ಇದೆ ಎಂದು ಗೊತ್ತಿದ್ದರೂ ಎದೆಯ ಭಾರ ಇಳಿಯುವುದಿಲ್ಲ. ಆ ಸೊನ್ನೆ ಮತ್ತು ಮೂರರ ವ್ಯತ್ಯಾಸ ಆಕಸ್ಮಿಕವಲ್ಲದೆ ನಿಜವೇ ಆಗಿದ್ದಿದ್ದರೆ? ನಾನು ತಡೆದದ್ದು ಅಣ್ಣಯ್ಯನ ಪ್ರಾಣವನ್ನೇ ಆಗಿದ್ದರೆ? ಡಬ್ಬಿಯಿಂದ ಬೀಜ ತೆಗೆದು ಮತ್ತೆ ಮತ್ತೆ ಎಣಿಸಿದೆ. ಏನೂ ಹೊಸದು ತಿಳಿಯಲಿಲ್ಲ.

ಮೂರನೆಯ ದಿನ 8 ಲೀಟರ್. ಆಮೇಲೆ 5. ಒಂಬತ್ತನೆಯ ದಿನ ಮಾಸ್ಕ್ ತೆಗೆದರು. ಹದಿಮೂರನೆಯ ದಿನ ಮನೆಗೆ ಬಂದರು.

ಇಲ್ಲಿ ಓದುಗರು ನನ್ನನ್ನು ಹೊಗಳಬಾರದು. ಅಣ್ಣಯ್ಯ ಬದುಕಿದ್ದರಿಂದ ನನ್ನ ಮಾತು ಸರಿಯಾಗಿತ್ತೆಂದು ಆಗುವುದಿಲ್ಲ, ಸತ್ತಿದ್ದರೆ ತಪ್ಪಾಗಿತ್ತೆಂದೂ ಅಲ್ಲ. ಹುಡುಗ ಮೊದಲ ರಾತ್ರಿಯ ಬದಲು ಎರಡನೆಯ ರಾತ್ರಿ, ಆಮ್ಲಜನಕ 10ಕ್ಕೆ ಏರಿದಾಗ, ಹೆದರಿ ಇಂಜೆಕ್ಷನ್ ತಂದು ಕೊಡಿಸಿದ್ದ ಎಂದುಕೊಳ್ಳಿ. ಮರುದಿನದಿಂದಲೇ ಇಳಿಮುಖ ಶುರುವಾಗುತ್ತಿತ್ತು. ಆಗ ಕುಂದಾಪುರದವರೆಗೆ ನಮ್ಮವರೆಲ್ಲರ ಬಾಯಲ್ಲೂ ಆ ಔಷಧದ ಹೆಸರಿರುತ್ತಿತ್ತು, ಮುಂದಿನ ಹತ್ತು ಮನೆಯವರು ಒಡವೆ ಅಡವಿಡುತ್ತಿದ್ದರು. ರೋಗ ತಾನಾಗಿ ತಿರುಗುವ ಹೊತ್ತಿಗೇ ಹೆಚ್ಚು ಕಡಿಮೆ ಎಲ್ಲರೂ ದುಬಾರಿ ಔಷಧಕ್ಕೆ ಕೈ ಹಾಕುವುದು, ಯಾಕೆಂದರೆ ಅತಿ ಭಯವಾಗುವುದು ಆಗಲೇ.

ಆಮೇಲಿನ ತಿಂಗಳುಗಳಲ್ಲಿ ಬಂದ ಉತ್ತರಗಳನ್ನು ನಾನು ಒಂದೊಂದಾಗಿ ಗುರುತು ಹಾಕಿಟ್ಟೆ. ಕಾಲ್ಚಿಸಿನ್ ಎಂಬ ಗೌಟ್ ಔಷಧವಿದೆ. ನಮ್ಮ ಮಲೆನಾಡಿನ ಬೇಲಿಗಳಲ್ಲಿ ಮಳೆಗಾಲದಲ್ಲಿ ಬೆಂಕಿಯ ನಾಲಗೆಯಂತೆ ಅರಳುವ, ಹಬ್ಬದಲ್ಲಿ ಗೌರಿಗೆ ಏರಿಸುವ ಗೌರಿಹೂವಿನ ಗಡ್ಡೆಯಲ್ಲಿರುವ ವಿಷ ಇದೇ ಪದಾರ್ಥ. ಅಳತೆಯಲ್ಲಿ ಕೊಟ್ಟರೆ ಮದ್ದು. ಗ್ರೀಸಿನಲ್ಲಿ 105 ರೋಗಿಗಳ ಮೇಲೆ ನೋಡಿದಾಗ ಸ್ಥಿತಿ ಕೆಟ್ಟದ್ದು ಕೊಡದವರಲ್ಲಿ 50ಕ್ಕೆ 7, ಕೊಟ್ಟವರಲ್ಲಿ 55ಕ್ಕೆ 1. ಆಸೆ ಹುಟ್ಟಿಸುವ ಅಂಕಿ. ಅದೇ ಔಷಧವನ್ನು ರಿಕವರಿಯಲ್ಲಿ 11,340 ಜನರ ಮೇಲೆ ನೋಡಿದರು: ಎರಡೂ ಕಡೆ ಸಾವು ಶೇಕಡಾ 21. ಏನೂ ವ್ಯತ್ಯಾಸವಿಲ್ಲ. ಸಂಧಿವಾತದ ಟೋಸಿಲಿಜುಮಾಬ್‌ನದ್ದು ಇದಕ್ಕೆ ತಿರುಗುಮುರುಗು. ಭಾರತದ 12 ಆಸ್ಪತ್ರೆಗಳಲ್ಲಿ 180 ಜನರ ಮೇಲೆ ಶಿಸ್ತಾಗಿ ನಡೆದ ಪರೀಕ್ಷೆಯಲ್ಲಿ ಸ್ಪಷ್ಟ ಪ್ರಯೋಜನ ಕಾಣಲಿಲ್ಲ. 4,116 ಜನರಿದ್ದ ರಿಕವರಿಯಲ್ಲಿ ಸಾವು ಶೇಕಡಾ 35ರಿಂದ 31ಕ್ಕೆ ಇಳಿದದ್ದು ಕಂಡಿತು. ಚಿಕ್ಕ ಪರೀಕ್ಷೆ ಇಲ್ಲದ್ದನ್ನು ಇದೆ ಎನ್ನಬಹುದು, ಇದ್ದದ್ದನ್ನು ಕಾಣದೆಯೂ ಹೋಗಬಹುದು.

ನಮ್ಮ ದೇಶದಲ್ಲಿ ದೊಡ್ಡದು ಆಗುವುದಿಲ್ಲ ಎನ್ನುವವರಿಗೆ ಪ್ಲಾಸಿಡ್ ಪರೀಕ್ಷೆಯನ್ನು ತೋರಿಸುತ್ತೇನೆ. ಗುಣವಾದವರ ರಕ್ತದ ದ್ರವಭಾಗವಾದ ಪ್ಲಾಸ್ಮಾಕ್ಕಾಗಿ ಮನೆಯವರು ಬೀದಿ ಬೀದಿ ಅಲೆಯುತ್ತಿದ್ದ ದಿನಗಳಲ್ಲೇ, 2020ರ ಏಪ್ರಿಲ್‌ನಿಂದ ಜುಲೈ ಒಳಗೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಸೇರಿಸಿ ಪರೀಕ್ಷಿಸಿತು. ರೋಗ ಉಲ್ಬಣಿಸಿದ್ದು ಅಥವಾ ಸಾವು, ಕೊಟ್ಟವರಲ್ಲಿ ಶೇಕಡಾ 19, ಕೊಡದವರಲ್ಲಿ 18. ಪ್ಲಾಸ್ಮಾದಿಂದ ಲಾಭವಿಲ್ಲ ಎಂದು ಜಗತ್ತಿಗೆ ಮೊದಮೊದಲು ಗಟ್ಟಿಯಾಗಿ ಹೇಳಿದ ಕೆಲಸಗಳಲ್ಲಿ ಅದೂ ಒಂದು, ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಕೈಲಾಗುತ್ತಿತ್ತು. ಉರಿಯೂತದ ಔಷಧಗಳಿಗೂ ಆಗಬಹುದಿತ್ತು. ಆ ವಾರ್ಡುಗಳಲ್ಲಿ ಮಲಗಿ ಎದ್ದುಹೋದ, ಏಳದೆ ಹೋದ ಅಷ್ಟೂ ಜನರಿಂದ ನಾವು ಕಲಿಯಬಹುದಾಗಿದ್ದನ್ನು ಕಲಿಯಲಿಲ್ಲ. ನನ್ನನ್ನು ಇಂದಿಗೂ ಕೊರೆಯುವುದು ಇದು.

2021ರ ಏಪ್ರಿಲ್. ಎರಡನೇ ಅಲೆ. ಈ ಸಲ ಫೋನು ಮಾಡಿದ್ದು ಸ್ವತಃ ಅಣ್ಣಯ್ಯ. ಹೋಟೆಲಿನ ಅಡುಗೆಯವನ ತಮ್ಮ ಠಾಣೆಯಲ್ಲಿ ಅಡ್ಮಿಟ್, ಟೋಸಿಲಿಜುಮಾಬ್ ಚೀಟಿ ಬಂದಿದೆ.

"ಮಾಸ್ಟ್ರೆ, ಇದನ್ನು ಎಷ್ಟು ಜನಕ್ಕೆ ಕೊಟ್ಟು ನೋಡಿದ್ರು, ಎಷ್ಟು ಜನಕ್ಕೆ ಕೊಡದೆ ನೋಡಿದ್ರು?"

"ಕೊಟ್ಟದ್ದು 2,022, ಕೊಡದ್ದು 2,094."

"ಹಾಗಾದ್ರೆ ನಮ್ಮ ಮೂವತ್ತು ಬೀಜ ಅಲ್ಲ ಇದು."

ಅಲ್ಲ ಎಂದೆ. ಹುಡುಗ ಆಮ್ಲಜನಕದ ಮೇಲಿದ್ದಾನಾ, ಸ್ಟೆರಾಯ್ಡ್ ನಡೆಯುತ್ತಿದೆಯಾ, ರಕ್ತದಲ್ಲಿ ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ ಎಷ್ಟು ಎಂದು ಕೇಳಿದೆ. ಆ ಪರೀಕ್ಷೆಗೆ ಸೇರಿಸಿಕೊಂಡದ್ದು ಸಿಆರ್‌ಪಿ 75 ಅಥವಾ ಮೇಲಿದ್ದು ಆಮ್ಲಜನಕ ಕಡಿಮೆಯಾದವರನ್ನು. ಅಣ್ಣಯ್ಯ ಎಲ್ಲವನ್ನೂ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡೇ ಕೂತಿದ್ದರು. ಸಿಆರ್‌ಪಿ 110. ಡಾಕ್ಟರು ಹೇಳಿದ್ದಕ್ಕೆ ಆಧಾರ ಉಂಟು, ಸಿಕ್ಕಿದರೆ ತನ್ನಿ ಎಂದೆ.

ಆ ವಾರ ಮುಂಬಯಿಯಲ್ಲಿ ಟೋಸಿಲಿಜುಮಾಬ್ ಎಲ್ಲಿಯೂ ಇರಲಿಲ್ಲ. ಮೂರು ದಿನ ಹುಡುಕಿದರು. ಹದಿನೇಳನೇ ದಿನಕ್ಕೆ ಮತ್ತೆ ಫೋನು ಬಂತು.

"ಹುಡ್ಗ ಮನೆಗೆ ಬಂದ. ಇಂಜೆಕ್ಷನ್ ಸಿಕ್ಕಲೇ ಇಲ್ಲ." ಸ್ವಲ್ಪ ತಡೆದು ಅಣ್ಣಯ್ಯ ಹೇಳಿದರು, "ಆದ್ರೆ ಇವನೊಬ್ಬ ಬಂದದ್ರಿಂದ ಅದು ಬೇಡ ಇತ್ತು ಅಂತ ಆಗುದಿಲ್ಲ ಅಲ್ದಾ ಮಾಸ್ಟ್ರೆ?"